ಕಪಾಟಿನೊಳಗಿನ ಹೊಸ ಕೈಗವಸುಗಳ ಸನ್ನಿಧಾನಕ್ಕೆ

ಖಾನಾಪುರ,
ಬನ್ನಿ ಮುಡಿಯುವ ದಿನ, ೧೯೮೭

ಇವರಿಗೆ,
ಶ್ರೀಮದ್ ರಬ್ಬರ್ ಕೈಗವಸುಗಳು (ಹೊಸವು),
ಉಕ್ಕಿನ ಕಪಾಟು, ಮೂರನೆಯ ಖಾನೆ,
ಆಸ್ಪತ್ರೆಯ ಸ್ಟೋರ್ ಕೋಣೆ, ಖಾನಾಪುರ.

ವಿಷಯ: ತಾವು ದಯಮಾಡಿ ಒಮ್ಮೆ ಹೊರಗೆ ಬರುವ ಕುರಿತು.

ಮಾನ್ಯರೇ,

ತಮ್ಮ ಬೆರಳುಗಳಿಗೆಲ್ಲ ನನ್ನ ಅನಂತ ನಮಸ್ಕಾರಗಳು. ಇಂದು ನಮ್ಮ ಸೀಮೆಯಲ್ಲಿ ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು 'ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ' ಎಂದು ಕಾಲಿಗೆರಗುವ ದಿನವಾದ್ದರಿಂದ, ಈ ಆಸ್ಪತ್ರೆಯಲ್ಲಿ ತಮಗಿಂತ ದೊಡ್ಡವರು ಯಾರೂ ಇಲ್ಲವೆಂದು ಬಗೆದು ನಾನೂ ಎರಡು ಎಲೆ ಹಿಡಿದುಕೊಂಡು ಬೆಳಿಗ್ಗೆ ತಮ್ಮ ಬಾಗಿಲಿಗೆ ಬಂದಿದ್ದೆ. ಕೈಯ ಆಕಾರದಲ್ಲೇ ಹುಟ್ಟಿದವರ ಕೈಗೆ ಬನ್ನಿ ಕೊಡದೆ ಇನ್ನಾರ ಕೈಗೆ ಕೊಡಬೇಕು? ಆದರೆ ಕಪಾಟಿಗೆ ಎಂದಿನಂತೆ ಬೀಗ ಬಿದ್ದಿತ್ತು. ನಿನ್ನೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಕುಂಕುಮ ಹಿಡಿಕೆಯ ಮೇಲೆ ಇನ್ನೂ ಹಸಿಯಾಗಿತ್ತು. ಎಲೆಗಳನ್ನು ಅಲ್ಲೇ ಸಿಕ್ಕಿಸಿ ಬಂದು ಈ ಪತ್ರ ಬರೆಯಲು ಕುಳಿತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಿದರೆ ಅದನ್ನೂ ಸ್ಟಾಕಿಗೆ ಜಮಾ ಮಾಡಿ ಬೀಗ ಹಾಕಿಬಿಟ್ಟಾರು ಎಂಬ ಭಯದಿಂದ ಬಹಿರಂಗವಾಗಿಯೇ ಬರೆದು ಆಸ್ಪತ್ರೆಯ ಬಾಗಿಲಿಗೆ ಅಂಟಿಸುತ್ತೇನೆ.

ನಾನು ಕಾಂತಾ, ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು. ತಾವು ನನ್ನನ್ನು ಗುರುತಿಸಲಿಕ್ಕಿಲ್ಲ. ಒಂದೇ ಹಂಚಿನ ಸೂರಿನ ಕೆಳಗೆ ಇಷ್ಟು ಮಳೆಗಾಲ ಒಟ್ಟಿಗೆ ಕಳೆದರೂ ನಮ್ಮ ನಿಮ್ಮ ಕೈಗೆ ಕೈ ಸೇರುವ ಯೋಗ ಕೂಡಿಬರಲಿಲ್ಲ. ಆಸ್ಪತ್ರೆ ಯಾವುದೆಂದು ಬಿಡಿಸಿ ಬರೆದರೆ ನೌಕರಿಯ ನಿಯಮ ಮುರಿದಂತಾಗುತ್ತದಂತೆ, ಅದಕ್ಕೆ ಬರೆಯುವುದಿಲ್ಲ. ಬರೆಯದಿದ್ದರೂ ಊರ ಮಂದಿಗೆ ತಿಳಿಯದೆ ಉಳಿಯದು, ಆ ಮಾತು ಬೇರೆ.

ತಾವು ಬೆಳಗಾವಿಯ ಜಿಲ್ಲಾ ಉಗ್ರಾಣದಿಂದ ವ್ಯಾನಿನಲ್ಲಿ ದಯಮಾಡಿಸಿದ ಆ ಮಧ್ಯಾಹ್ನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆ, ಒಳಗೆ ಜೋಡಿ ಜೋಡಿಯಾಗಿ ಕಾಗದದ ಹೊದಿಕೆ, ಮೈತುಂಬ ಬಿಳಿ ಪೌಡರು! ಮದುಮಕ್ಕಳನ್ನು ನೋಡಲು ನೆರೆದವರ ಹಾಗೆ ನಾವೆಲ್ಲ ಸ್ಟೋರಿನ ಬಾಗಿಲಲ್ಲಿ ನಿಂತಿದ್ದೆವು. ನನ್ನ ಜೊತೆಯ ನರ್ಸು ಸಿತಾರಾ, ನನಗಿಂತ ಸಣ್ಣವಳು, ಬಾಯಿ ಮಾತ್ರ ನನಗಿಂತ ದೊಡ್ಡದು, ನನ್ನ ಮೊಣಕೈ ತಿವಿದು 'ಕಾಂತಕ್ಕಾ, ಇಷ್ಟ ದಿವಸಕ್ಕ ನಮ್ಮ ಕೈಗೂ ಹೊಸಾ ಅಂಗಿ ಬಂದ್ವು ನೋಡ' ಎಂದಳು. ಪಾಪ, ಹುಚ್ಚಿ. ಅಂಗಿ ಬಂದದ್ದು ಕೈಗಲ್ಲ, ಕಪಾಟಿಗೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಸ್ಟೋರಿನ ಕಲ್ಲಯ್ಯನವರು ಮೂರನೆಯ ಖಾನೆಯನ್ನು ಒರೆಸಿ, ಹಳೆಯ ಪೇಪರು ಹಾಸಿ, ನಾಲ್ಕು ಮೂಲೆಗೆ ಡಾಂಬರ ಗುಳಿಗೆ ಇಟ್ಟು, ತಮ್ಮನ್ನು ಒಳಗೆ ಮಲಗಿಸಿ ಬೀಗ ಹಾಕಿ, ಕೀಲಿಕೈಯನ್ನು ಸ್ವಂತ ಉಡದಾರಕ್ಕೆ ಕಟ್ಟಿಕೊಂಡರು. ಅಲ್ಲಿಂದಾಚೆಗೆ ಆ ಕೀಲಿಕೈ ಅವರೊಂದಿಗೆ ಮುಂಜಾನೆ ಬೆಳಗಾವಿಯ ಮಹಾಂತೇಶ ನಗರದಿಂದ ಬರುವುದು, ಸಂಜೆ ಅವರೊಂದಿಗೇ ಹಿಂದಿರುಗುವುದು. ನಮ್ಮಲ್ಲಿ ಯಾರಿಗೂ ಇಲ್ಲದ ಮೆರವಣಿಗೆ ಅದಕ್ಕೆ.

ಮಾನ್ಯರೇ, ಈ ಕಪಾಟಿನ ಧರ್ಮವನ್ನು ಒಂದೇ ಮಾತಿನಲ್ಲಿ ಹೇಳಬಹುದು: 'ಹರಿದದ್ದು ತರ್ರಿ, ಹೊಸಾದು ಒಯ್ರಿ.' ಸವೆದ ಕಸಬರಿಗೆ ಕೊಟ್ಟರೆ ಹೊಸ ಕಸಬರಿಗೆ. ಹರಿದ ಚಾದರ ಕೊಟ್ಟರೆ ಹೊಸ ಚಾದರ. ಸುಟ್ಟ ಬಲ್ಬು ಕೊಟ್ಟರೆ ಉರಿಯುವ ಬಲ್ಬು. ಇಂಥ ನ್ಯಾಯ ಲೋಕದಲ್ಲಿ ಬೇರೆಲ್ಲೂ ಇರಲಾರದು. ಆದರೆ ನರ್ಸುಗಳಿಗೆ ಈ ಆಸ್ಪತ್ರೆಯಲ್ಲಿ ಎಂದೂ ಕೈಗವಸು ಕೊಟ್ಟೇ ಇರಲಿಲ್ಲವಾದ್ದರಿಂದ ಹರಿದ ಕೈಗವಸನ್ನು ನಾವು ಎಲ್ಲಿಂದ ತರಬೇಕಿತ್ತು? ಸಿತಾರಾ ಕೇಳಿಯೇ ಬಿಟ್ಟಳು: 'ಅಲ್ರೀ ಅಣ್ಣಾರ, ನೀವು ಕೊಟ್ರಲ್ಲ ನಾವು ಹರಿಯೂದು?' ಕಲ್ಲಯ್ಯನವರು ಬಹಳ ಹೊತ್ತು ವಿಚಾರ ಮಾಡಿ, 'ಖರೇ ಅದ ಬಾಯಾರ, ನಿಮ್ಮ ಮಾತಿನ್ಯಾಗ ತಪ್ಪಿಲ್ಲ. ಆದ್ರ ಹರಿದದ್ದು ಕೈಯಾಗಿಲ್ಲದ ಹೊಸಾದು ಹೊರಗ ಹಾಕಿದ್ರ ನಾಳೆ ಕೇಳಾಕ ಬಂದಾವರಿಗೆ ಏನ ತೋರಸ್ಲಿ?' ಎಂದರು. ಅವರನ್ನು ದೂರಿ ಬಾಯಿ ಹೊಲಸು ಮಾಡಿಕೊಳ್ಳಲಾರೆ. ಹಿಂದೆ ಬೇರೊಂದು ಊರಿನಲ್ಲಿ ಒಂದು ಬೆಡ್‌ಪ್ಯಾನು ಕಡಿಮೆ ಬಿತ್ತೆಂದು ಅವರ ಬಡ್ತಿ ನಿಂತುಹೋಗಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಕಲ್ಲಯ್ಯನವರು ನೀರನ್ನೂ ಊದಿ ಕುಡಿಯುವ ಜಾತಿ.

ಡಾಕ್ಟರ್ ಸಾಹೇಬರಿಗೆ ಮಾತ್ರ ತಮ್ಮ ಪೂರ್ವಜರ ಒಂದೆರಡು ಜೋಡಿ ಇದ್ದವು. ಆಪರೇಶನ್ ಮುಗಿದ ಮೇಲೆ ಅವನ್ನು ತೊಳೆದು, ಬಾಯಿಂದ ಗಾಳಿ ಊದಿ, ಬೋಗುಣಿಯ ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ, ಅಲ್ಲಿಗೆ ಹಳೆಯ ಟ್ಯೂಬಿನ ತುಂಡೊಂದನ್ನು ಮೀರಾಸಾಬರ ಸೈಕಲ್ ಅಂಗಡಿಯಿಂದ ತಂದ ಪಂಕ್ಚರ್ ಅಂಟಿನಿಂದ ಹಚ್ಚಿ, ಹಿತ್ತಲಿನ ಹಗ್ಗಕ್ಕೆ ಒಣಹಾಕುವುದು ನಮ್ಮ ಕೆಲಸ. ತೇಪೆ ನಿಲ್ಲುವ ತನಕ ಕೈಗವಸು ಹರಿದ ಲೆಕ್ಕಕ್ಕೆ ಬರುವುದಿಲ್ಲ. ಹಗ್ಗದ ಮೇಲೆ ಆ ತೇಪೆ ಬಿದ್ದ ಕೈಗಳು ಗಾಳಿಗೆ ಅಲ್ಲಾಡುವಾಗ ಒಳಗಿರುವ ಹೊಸಬರನ್ನು 'ಬರ್ರಿ, ಬರ್ರಿ' ಎಂದು ಕರೆದಂತೆ ಕಾಣುತ್ತಿತ್ತು. ತಾವು ಬರಲಿಲ್ಲ. ದೊಡ್ಡವರು ಹಾಗೆ ಕೂಗಿದ ಕೂಡಲೇ ಬರುವುದು ಶೋಭೆಯೂ ಅಲ್ಲ.

ನಮ್ಮದು ಬರಿಗೈ. ಆ ಕೈಯಿಂದಲೇ ಸೂಜಿ ಕುದಿಸುವುದು, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯುವುದು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋದ ತೂತಿನಲ್ಲಿ ತಂತಿ ತೂರಿಸುವುದು, ಹೆರಿಗೆ ಮಾಡಿಸುವುದು, ಬಟ್ಟೆ ಹಿಂಡುವುದು. ಸೂಜಿ ಚುಚ್ಚಿದರೆ ಬೆರಳನ್ನು ಒತ್ತಿ, ಟಿಂಚರು ಹಚ್ಚಿ, ಮುಂದಿನ ಹಾಸಿಗೆಗೆ ಹೋಗುವುದು. ರೋಗಿಯ ರಕ್ತದಲ್ಲಿರುವ ಕಾಮಣಿ, ಅಂದರೆ ಕಾಮಾಲೆ ರೋಗ, ಹೀಗೆ ಸೂಜಿಯ ಗಾಯದಿಂದಲೇ ಇನ್ನೊಬ್ಬರ ಮೈಗೆ ಇಳಿಯುತ್ತದೆಂದು ನಮಗೆ ನರ್ಸಿಂಗ್ ಸಾಲೆಯಲ್ಲಿ ಕಲಿಸಿದ್ದರು. ಕಲಿಸಿದ್ದನ್ನು ಮರೆಯುವುದನ್ನು ನೌಕರಿ ಕಲಿಸಿತು. ಕೈಗವಸು ಬೇಕು ಎಂದು ನಾವು ಮತ್ತೆ ಮತ್ತೆ ಕೇಳಿದಾಗ ಕಲ್ಲಯ್ಯನವರು ನಮ್ಮನ್ನು ಹೊಗಳಿ ಸುಮ್ಮನಾಗಿಸುವ ಉಪಾಯ ಕಂಡುಹಿಡಿದರು: 'ಸಿತಾರಾಬಾಯಾರ ಕೈಗುಣ ಅಂದ್ರ ಹಲಸಿ ತನಕ ಹೆಸರ ಐತಿ. ರಬ್ಬರ ಹಾಕ್ಕೊಂಡ್ರ ಕೈಗುಣ ಹೆಂಗ ಇಳೀಬೇಕ್ರೀ?' ಕೈಗುಣ ಇಳಿಯಲೆಂದು ಬಿಟ್ಟ ದಾರಿಯಲ್ಲಿ ಬೇರೇನೇನು ಏರಿ ಬರುತ್ತದೆಂದು ಅವರೂ ವಿಚಾರ ಮಾಡಲಿಲ್ಲ, ಅವರ ಮೇಲಿನವರೂ ಮಾಡಲಿಲ್ಲ.

ಹಾಗೆಂದು ತಾವು ಹೊರಗಿನ ಗಾಳಿಯನ್ನೇ ಕಾಣಲಿಲ್ಲವೆಂದು ನಾನು ಸುಳ್ಳು ಹೇಳಲಾರೆ. ಬೆಳಗಾವಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗಲೆಲ್ಲ ಕಪಾಟು ತೆರೆಯುತ್ತಿತ್ತು. ಮನೆಯಲ್ಲಿ ಬೀಗರು ಬಂದಾಗ ಶೋಕೇಸಿನ ಕಪ್ಪು ಬಸಿ ಹೊರಗೆ ಬರುತ್ತವಲ್ಲ, ಹಾಗೆ ತಮ್ಮನ್ನು ಬಿಳಿ ಬಟ್ಟೆ ಹಾಸಿದ ಟ್ರೇಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಸಾಹೇಬರು ಒಮ್ಮೆ ನೋಡಿ, 'ಹ್ಞಾಂ, ಗ್ಲೌಸ್ ಭರಪೂರ ಅದಾವಲ್ಲ' ಎಂದು ಸಂತೋಷಪಟ್ಟು, ಚಹಾ ಕುಡಿದು ಹೋಗುತ್ತಿದ್ದರು. ಗ್ಲೌಸು ಭರಪೂರ ಇರುವುದು ಯಾರೂ ಹಾಕಿಕೊಳ್ಳದ್ದರಿಂದ ಎಂಬ ಸಣ್ಣ ಮಾತು ಚಹಾದ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ? ಇದಲ್ಲದೆ ವರುಷಕ್ಕೊಮ್ಮೆ ಖಂಡೆ ಪೂಜೆಗೆ ಕತ್ತರಿ, ಚಿಮಟ, ಸೂಜಿಗಳ ಜೊತೆಗೆ ತಮಗೂ ಅರಿಷಿಣ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಚುರುಮರಿ ಬೆಲ್ಲ ಹಂಚುತ್ತಿದ್ದೆವು. ದೇವರಾದರೂ ಜಾತ್ರೆಗೊಮ್ಮೆ ಗುಡಿ ಬಿಟ್ಟು ಊರೊಳಗೆ ಬರುತ್ತಾನೆ. ತಾವು ಅಷ್ಟೂ ಮಾಡಲಿಲ್ಲ.

ಈಗ ಈ ವರುಷದ ಹೋಳಿ ಹುಣ್ಣಿಮೆಯಾದ ವಾರದ ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಗೋಡೆಯ ಆಚೆಗೇ ನಡೆದದ್ದಾದರೂ ಕಪಾಟಿನ ಬಾಗಿಲು ದಪ್ಪವಾದ್ದರಿಂದ ತಮಗೆ ಕೇಳಿಸಿರಲಿಕ್ಕಿಲ್ಲ. ಆ ದಿನ ಡಾಕ್ಟರ್ ಸಾಹೇಬರು ಕುಟುಂಬ ಯೋಜನೆಯ ಶಿಬಿರಕ್ಕೆಂದು ಹಳ್ಳಿಗೆ ಹೋಗಿದ್ದರು; ತೇಪೆಯ ಕೈಗವಸುಗಳೂ ಅವರೊಂದಿಗೆ ಹೋಗಿದ್ದವು. ಕಲ್ಲಯ್ಯನವರು ಬೆಳಗಾವಿಗೆ ಹೋಗಿದ್ದರು. ಯಾಕೆ ಹೋಗಿದ್ದರೆಂದು ಕೇಳಿದರೆ ತಮಗೆ ಆನಂದವಾದೀತು: ಮಾರ್ಚ್ ತಿಂಗಳು ಮುಗಿಯುವುದರೊಳಗೆ ಒಯ್ಯಿರಿ ಎಂದು ಉಗ್ರಾಣದವರು ಹೇಳಿಕಳಿಸಿದ್ದರಿಂದ, ತಮ್ಮದೇ ಕುಲದ ಇನ್ನೊಂದು ಪೆಟ್ಟಿಗೆಯನ್ನು ಕರೆತರಲು ಹೋಗಿದ್ದರು.

ಆಗ ಹಲಸಿಯಿಂದ ಹಾಲಿನ ಟೆಂಪೋದಲ್ಲಿ ಮಾಯಕ್ಕ ಎಂಬ ತುಂಬು ಬಸುರಿಯನ್ನು ಅವಳ ಅತ್ತೆ ಶಿವಲಿಂಗವ್ವ ಕರೆದುಕೊಂಡು ಬಂದಳು. ಹುಡುಗಿಯ ಕಣ್ಣು ಅರಿಷಿಣ ಬಳಿದಂತೆ ಇದ್ದವು. ಕಾಮಣಿ ಎಂದು ನಮಗಿಬ್ಬರಿಗೂ ಕಂಡ ಕೂಡಲೇ ತಿಳಿಯಿತು. ಕೂಸೇನೋ ಬಂತು, ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಒಳಗೆ ಕೈ ಹಾಕಿ ಮಾಸು ತೆಗೆಯದಿದ್ದರೆ ಹುಡುಗಿ ಅಲ್ಲೇ ಮುಗಿಯುತ್ತಿದ್ದಳು. ಬೆಳಗಾವಿಗೆ ಸಾಗಿಸುವಷ್ಟು ರಕ್ತ ಅವಳಲ್ಲಿ ಉಳಿದಿರಲಿಲ್ಲ. ಸಿತಾರಾ ಆ ಮುಂಜಾನೆಯೇ ಸೂಜಿ ಮಸೆಯುವಾಗ ಹೆಬ್ಬೆರಳಿನ ಬುಡವನ್ನು ಕೊಯ್ದುಕೊಂಡಿದ್ದಳು. ನಾನು ತಮ್ಮ ಬಳಿಗೆ ಓಡಿ ಬಂದೆ. ಹಿಡಿಕೆ ಹಿಡಿದು ಜಗ್ಗಿದೆ. ಬೀಗಕ್ಕೆ ಕಲ್ಲಿನಿಂದ ಹೊಡೆದೆ. ಕಪಾಟು ಜಗ್ಗಲಿಲ್ಲ. ಅದನ್ನು ಮಾಡಿದ ಕಾರಖಾನೆಯವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಚರ್ಮವನ್ನೂ ಅವರಿಂದಲೇ ಮಾಡಿಸಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ನಾನು ವಾಪಸು ಬರುವಷ್ಟರಲ್ಲಿ ಸಿತಾರಾ ಹೆಬ್ಬೆರಳಿನ ಅರಿವೆ ಬಿಚ್ಚಿ ಎಸೆದು, ಕೈ ತೊಳೆದು, ಕೆಲಸಕ್ಕೆ ಇಳಿದಿದ್ದಳು. ಮೊಣಕೈವರೆಗೆ ರಕ್ತ. ಗಾಯದ ಕೈ ಯಾವುದು, ಗಾಯವಿಲ್ಲದ್ದು ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

ಮಾಯಕ್ಕ ಬದುಕಿದಳು. ಶಿವಲಿಂಗವ್ವ ಸಿತಾರಾಳ ಗದ್ದ ಹಿಡಿದು 'ಯವ್ವಾ, ನಿನ್ನ ಕೈಯಾಗ ದೇವರ ಅದಾನ' ಎಂದಳು. ಸಿತಾರಾ ನಲ್ಲಿಯ ಕೆಳಗೆ ಕೈ ಹಿಡಿದು ನಗುತ್ತಾ, 'ದೇವರ ಅದಾನೋ ಇಲ್ಲೋ ಗೊತ್ತಿಲ್ಲ ಕಾಂತಕ್ಕಾ, ಮಾಯಕ್ಕನ ರಕ್ತಂತೂ ಸಾಕಷ್ಟು ಹೊಕ್ಕಿರಬೇಕು' ಎಂದಳು. ಸಂಜೆಯ ಗಾಡಿಗೆ ತಮ್ಮ ಹೊಸ ಬಂಧುಗಳು ಬಂದಿಳಿದರು. ಕಲ್ಲಯ್ಯನವರು ತಮ್ಮನ್ನು ಸ್ವಲ್ಪ ಒತ್ತಿ ಸರಿಸಿ ಅವರಿಗೂ ಅದೇ ಖಾನೆಯಲ್ಲಿ ಜಾಗ ಮಾಡಿಕೊಟ್ಟರು.

ಮಳೆ ಹಿಡಿದ ಮೇಲೆ ಸಿತಾರಾಳಿಗೆ ಊಟ ಸೇರದಾಯಿತು. ಒಗ್ಗರಣೆಯ ವಾಸನೆಗೆ ವಾಂತಿ. ಒಂದು ದಿನ ಸೂಜಿ ಕುದಿಸುವ ಡಬ್ಬಿಯ ಮುಚ್ಚಳದಲ್ಲಿ ತನ್ನ ಮುಖವನ್ನೇ ನೋಡಿಕೊಂಡು, ಅರಿಷಿಣ ಬಣ್ಣಕ್ಕೆ ತಿರುಗಿದ ಕಣ್ಣಿನ ಕೆಳರೆಪ್ಪೆ ಜಗ್ಗಿ ನನಗೆ ತೋರಿಸಿ, ಮುಚ್ಚಳವನ್ನು ಕೆಳಗಿಟ್ಟಳು. ಕೆಲಸದಿಂದ ಬಂದ ರೋಗ ಎಂದು ನಾವು ಮೇಲಿನವರಿಗೆ ಬರೆದುಕೊಂಡೆವು. ಮೇಲಿನಿಂದ ಬಹಳ ಕಾಳಜಿಯ ಉತ್ತರ ಬಂತು: ಸದರಿ ನರ್ಸು ಬಸ್‌ಸ್ಟ್ಯಾಂಡಿನ ಬಳಿ ಕಬ್ಬಿನ ಹಾಲು ಕುಡಿದಿರುವ ಸಂಭವವಿದೆ, ಸಿಬ್ಬಂದಿ ಇನ್ನು ಮುಂದೆ ಹೊರಗಿನ ಪದಾರ್ಥ ಸೇವಿಸಬಾರದು. ಖಾನಾಪುರದ ಮಳೆಗೆ ಕಬ್ಬಿನ ಗಾಣದವನು ತಾಡಪತ್ರಿ ಹೊದಿಸಿ ಊರಿಗೆ ಹೋಗಿ ಬಹಳ ದಿನಗಳಾಗಿದ್ದವು. ಆದರೂ ತಪ್ಪನ್ನು ಅವನೇ ಹೊರಬೇಕಾಯಿತು; ಯಾಕೆಂದರೆ ರೋಗ ಕಬ್ಬಿನಿಂದ ಬಂದರೆ ಅದು ಅವಳ ಬಾಯಿಚಪಲ, ರಕ್ತದಿಂದ ಬಂದರೆ ತಮ್ಮ ಕಪಾಟಿನ ಬೀಗದ ಮಾತು ಏಳುತ್ತದೆ.

ಅವಳನ್ನು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ, ಮಾನ್ಯರೇ, ನಾನು ಮೊಟ್ಟಮೊದಲ ಬಾರಿಗೆ ತಮ್ಮ ಜಾತಿಯವರು ಕೈಯ ಮೇಲೆ ಇರುವುದನ್ನು ಕಂಡು ಪುನೀತಳಾದೆ. ಏಡ್ಸ್ ಎಂಬ ಹೊಸ ರೋಗದ ಸುದ್ದಿ ಪೇಪರಿನಲ್ಲಿ ಬರತೊಡಗಿ ಎಲ್ಲರಿಗೂ ಹೆದರಿಕೆ ಹೊಕ್ಕಿದ್ದ ಕಾಲ. ಸಿತಾರಾಳ ಖೋಲಿಗೆ ಚಹಾ ತರುವವನು ಎರಡೂ ಕೈಗೆ ಕೈಗವಸು ತೊಟ್ಟು, ಲೋಟವನ್ನು ಹೊಸ್ತಿಲ ಒಳಗಿಟ್ಟು, ಬ್ರೆಡ್ಡನ್ನು ದೂರದಿಂದಲೇ ಹಾಸಿಗೆಯ ಮೇಲೆ ಒಗೆದು ಓಡುತ್ತಿದ್ದ. ಅದೇ ಖೋಲಿಗೆ ಅವಳ ರಕ್ತ ತೆಗೆಯಲು ಬಂದ ಹುಡುಗಿ ಬರಿಗೈಯಲ್ಲಿ ಬಂದಳು. ಕೈಗವಸು ಒಂದೇ ಜೋಡಿ ಇತ್ತು, ಅದು ಚಹಾದವನ ಪಾಲಿಗೆ ಹೋಗಿತ್ತು. ಆರು ಮಂದಿಯ ಮಾತನ್ನು ಒಬ್ಬಳೇ ಆಡುತ್ತಿದ್ದ ಸಿತಾರಾಳಿಗೆ ಆಗ ದನಿಯೇ ಹೊರಡುತ್ತಿರಲಿಲ್ಲ. ಆದರೂ ಆ ಹುಡುಗಿಯ ಕೈ ಹಿಂದಕ್ಕೆ ಸರಿಸಿ, 'ತಂಗಿ, ಮೊದಲ ಅವನ ಕೈಯಾಗಿನ ಗ್ಲೌಸ್ ಇಸಗೊಂಡ ಬಾ. ಆಮ್ಯಾಲ ನನ್ನ ಮುಟ್ಟು' ಎಂದಳು. ಜ್ವರದ ಬಡಬಡಿಕೆ ಎಂದು ತಿಳಿದು ಹುಡುಗಿ ನಕ್ಕಳು. ನಾನೇ ಹೋಗಿ ಚಹಾದವನ ಕೈಯಿಂದ ಆ ಜೋಡಿಯನ್ನು ಕಸಿದುಕೊಂಡು ಬಂದು ಹುಡುಗಿಯ ಕೈಗೆ ತೊಡಿಸಿದೆ. ಅವನು ಬರಿಗೈ ಆಗಿದ್ದಕ್ಕೆ ಬೆದರಿ ಆ ದಿನ ಚಹಾ ಕೊಡಲು ಬರಲೇ ಇಲ್ಲ. ಸಿತಾರಾ ಚಹಾ ಕುಡಿಯುವ ಸ್ಥಿತಿಯಲ್ಲಿಯೂ ಇರಲಿಲ್ಲ. ಅವಳ ಕೈ ಹಿಡಿದು ನಾನು ಕುಳಿತೆ, ಬರಿಗೈಯಲ್ಲಿಯೇ. ಮುಟ್ಟಿದರೆ ಬರುವ ರೋಗ ಅದಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು.

ಶ್ರಾವಣ ಮುಗಿಯುವ ಮೊದಲೇ ಅವಳು ಹೋದಳು. ಬೆಳಗಾವಿಯ ಬಳಿಯ ಸಾಂಬ್ರಾದಲ್ಲಿರುವ ಅವಳ ಮನೆಯಲ್ಲಿ ಹೆಂಗಸರು ಮೈ ತೊಳೆಯಲು ನೀರು ಕಾಸುತ್ತಿದ್ದಾಗ, ಯಾರೂ ಕರೆಯದೆ ಕಲ್ಲಯ್ಯನವರು ಬಂದರು. ಮಳೆಯಲ್ಲಿ ತೊಯ್ದಿದ್ದರು. ಕೋಟಿನ ಒಳಗಿನಿಂದ ಕಾಗದದ ಪೊಟ್ಟಣ ತೆಗೆದು, 'ಮೈ ತೊಳಿಯಾವರು ಹಾಕ್ಕೊಳ್ಳಿ ಅಂತ ತಂದೀನ್ರಿ' ಎಂದು ಸಿತಾರಾಳ ತಾಯಿ ಮದರಬೀ ಅವರ ಮುಂದೆ ಹಿಡಿದರು. ತಾವೇ ಅದು, ಮಾನ್ಯರೇ, ತಮ್ಮದೇ ಮೊದಲ ತಂಡದ ಒಂದು ಜೋಡಿ. ಯಾರಿಂದಲೂ ಹರಿದದ್ದನ್ನು ಕೇಳದೆ, ಯಾರಿಗೂ ಹೇಳದೆ ಕಪಾಟು ತೆರೆದು ತಂದಿದ್ದರು. ಇಷ್ಟು ಬೇಸಿಗೆ ಬೀಗದೊಳಗೆ ಬೆಂದು ತಾವು ಒಂದಕ್ಕೊಂದು ಅಂಟಿಕೊಂಡಿದ್ದಿರಿ. ಬಿಡಿಸಲೆಂದು ಜಗ್ಗಿದರೆ ಹಳೆಯ ಹಪ್ಪಳದ ಹಾಗೆ ಮುರಿದು ಬಂದಿರಿ. ಆ ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ರಬ್ಬರಿನ ಚೂರು ಹಿಡಿದುಕೊಂಡು ಅಂಗಳದಲ್ಲಿ ನಿಂತು ಅತ್ತರು. ಮದರಬೀ ಕಲ್ಲಯ್ಯನವರನ್ನು ಬೈಯಲಿಲ್ಲ. 'ಇರಲಿ ಬಿಡ್ರಿ ಅಣ್ಣಾರ. ಬರಿಗೈಲೆ ಎತ್ತಿ ಆಡಿಸೀನಿ, ಬರಿಗೈಲೇ ತೊಳದು ಕಳಸ್ತೀನಿ' ಎಂದು ಒಳಗೆ ಹೋದರು.

ಮರುದಿನ ಕಲ್ಲಯ್ಯನವರು ಆ ಚೂರುಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಕಣ್ಣೆತ್ತಿ ನೋಡದೆ, 'ಬಾಯಾರ, ಈಗ ಹರಿದದ್ದು ಐತಿ. ಎರಡನೇ ಪೆಟ್ಟಿಗಿಯಾಗಿನ್ವು ಚಲೋ ಅದಾವ, ಹೊಸಾವು ಒಯ್ರಿ' ಎಂದರು. ಎಂಥ ಗೆಲುವು! ನಾನು ಒಯ್ಯುವುದರೊಳಗೆ ಬೆಳಗಾವಿಗೆ ಸುದ್ದಿ ಮುಟ್ಟಿ, ಮೇಲಿನಿಂದ ನಿಯಮದ ಅರ್ಥವಿವರಣೆ ಬಂತು: ವಾರ್ಡಿನಲ್ಲಿ ಹರಿದದ್ದು ಮಾತ್ರ ಹರಿದದ್ದು, ಸ್ಟೋರಿನಲ್ಲಿ ಹರಿದದ್ದು ನಷ್ಟ. ನಷ್ಟ ಮಾಡಿದ ಕಲ್ಲಯ್ಯನವರಿಂದ ಜವಾಬು ಕೇಳಿದ್ದಾರೆ. ಈಗ ಕಪಾಟಿಗೆ ಎರಡು ಬೀಗ. ಎರಡನೆಯದರ ಕೀಲಿಕೈ ಬೆಳಗಾವಿಯಲ್ಲೇ ಇರುತ್ತದೆ. ನಿನ್ನೆಯ ಪೂಜೆಯನ್ನೂ ಬಾಗಿಲ ಹೊರಗಿನಿಂದಲೇ ಮಾಡಬೇಕಾಯಿತು. ಬೆಡ್‌ಪ್ಯಾನು ಕಳೆದಾಗ ಒಂದು ವಿಚಾರಣೆ ನಡೆದಿತ್ತು, ಕೈಗವಸು ಹರಿದಾಗ ಇನ್ನೊಂದು ನಡೆದಿದೆ. ಸಿತಾರಾ ಕಳೆದದ್ದಕ್ಕೆ ಮಾತ್ರ ಯಾರೂ ಯಾರನ್ನೂ ಏನೂ ಕೇಳಿಲ್ಲ. ಕೇಳಬಾರದೆಂದಲ್ಲ, ಅವಳು ಸ್ಟಾಕಿನಲ್ಲಿ ಇರಲಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ತಾವು ಹೊರಗೆ ಬರುವುದು ಆಗದ ಮಾತಾದರೆ, ತಮ್ಮ ಪ್ರಭಾವ ಬಳಸಿ ರಕ್ತಕ್ಕಾದರೂ ಒಂದು ಸುತ್ತೋಲೆ ಕಳಿಸಬೇಕು: ಅದು ಇನ್ನು ಮುಂದೆ ಸ್ಟೋರು ತೆರೆದಿರುವ ಹೊತ್ತಿನಲ್ಲಿ ಮಾತ್ರ ಹರಿಯತಕ್ಕದ್ದು, ನರ್ಸುಗಳ ಗಾಯವನ್ನು ಕಂಡಾಗ ಬಾಜುಕ್ಕೆ ಸರಿದು ಹೋಗತಕ್ಕದ್ದು. ಬಸುರಿಯರಿಗೆ ದೊಡ್ಡ ಸಾಹೇಬರ ತಪಾಸಣೆಯ ದಿನವೇ ಹೆರಲು ತಿಳಿಸಬೇಕು. ಆ ದಿನ ತಾವು ಟ್ರೇಯಲ್ಲಿ ಹಾಜರಿರುತ್ತೀರಲ್ಲ, ಕಡೇಪಕ್ಷ ನೋಡಲಿಕ್ಕಾದರೂ ಸಿಗುತ್ತೀರಿ. ಸೂಜಿಗಳಿಗೆ ಸರಕಾರಿ ನೌಕರರ ಗುರುತು ಹಿಡಿಯುವ ತರಬೇತಿ ಕೊಡಿಸಬೇಕು. ಕಾಮಣಿಗೂ ಇದೇ ಕಪಾಟಿನ ಧರ್ಮವನ್ನು ಕಲಿಸಿ, ಮೊದಲಿನ ರೋಗಿಯನ್ನು ವಾಪಸು ಕೊಡದೆ ಹೊಸಬರನ್ನು ಒಯ್ಯಕೂಡದೆಂದು ಕಟ್ಟುನಿಟ್ಟು ಮಾಡಬೇಕು. ಹಾಗೇನಾದರೂ ಆಯಿತೆಂದರೆ, ಅದು ಮೊದಲು ಯಾರನ್ನು ವಾಪಸು ಕೊಡಬೇಕೆಂದು ನಾನು ಹೆಸರು ಹಿಡಿದು ಹೇಳಬಲ್ಲೆ.

ಬನ್ನಿ ಕೊಟ್ಟಿದ್ದೇನೆ. ಬಂಗಾರದಂತೆ ಇರಿ ಎಂದು ತಮಗೆ ಹೇಳುವ ಅಗತ್ಯವಿಲ್ಲ. ತಾವು ಬಂಗಾರದಂತೆಯೇ ಇದ್ದೀರಿ, ಬೀಗದೊಳಗೆ.

ತಮ್ಮ ದರ್ಶನಾಕಾಂಕ್ಷಿಯಾದ, ಬರಿಗೈಯ,
ತಮ್ಮ ವಿಶ್ವಾಸಿ,
ಕಾಂತಾ
ನರ್ಸು, ಹೆರಿಗೆ ವಾರ್ಡು

ತಾ. ಕ.: ಸಿತಾರಾಳ ಜಾಗಕ್ಕೆ ಹೋದ ವಾರ ಫಕೀರವ್ವ ಎಂಬ ಹೊಸ ನರ್ಸು ಬಂದಿದ್ದಾಳೆ. ಹರಿದದ್ದನ್ನು ಕೊಟ್ಟೆವು, ಹೊಸದು ಬಂತು. ನಿಯಮ ಎಲ್ಲಿಯೂ ಮುರಿದಿಲ್ಲ. ಬಂದ ದಿನವೇ ಅವಳು 'ಗ್ಲೌಸ್ ಎಲ್ಲಿ ಇಡ್ತೀರ್ರಿ ಕಾಂತಕ್ಕಾ?' ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ತಿರುಗಿಸಿ ನೋಡಿದೆ. ಒಂದು ಗೀರೂ ಇಲ್ಲ, ಅಷ್ಟು ಹೊಸ ಕೈಗಳು. ತಮ್ಮ ಖಾನೆಯಲ್ಲಿ ಇನ್ನೂ ಸ್ವಲ್ಪ ಜಾಗವಿದ್ದರೆ ತಿಳಿಸಬೇಕು. ಅವನ್ನೂ ಒಳಗಿಟ್ಟು ಬೀಗ ಹಾಕಿಸುತ್ತೇನೆ.